ಕಾರಿನ ಬಂಪರ್ ರಿಪೇರಿಯ ನಂತರ ಏರ್‌ಬ್ಯಾಗ್ ದೀಪ ಆರುತ್ತಿಲ್ಲ. ದೋಷ ಡಿಕ್ಕಿಯನ್ನು ಗುರುತಿಸುವ ಕ್ರ್ಯಾಶ್ ಸೆನ್ಸರ್‌ನದೋ, ವೈರಿಂಗ್‌ನದೋ?

ಸ್ಕ್ಯಾನರ್ ಮುಂಭಾಗದ ಸೆನ್ಸರ್ ಸರ್ಕ್ಯೂಟಿನ ದೋಷದ ಕೋಡ್ ತೋರಿಸಿದ ಮಾತ್ರಕ್ಕೆ ಹೊಸ ಸೆನ್ಸರ್ ಕೊಳ್ಳಬೇಡಿ. ವೈರು ಅಥವಾ ಕನೆಕ್ಟರ್ ಕೆಟ್ಟಿದ್ದರೂ ಅದೇ ಕೋಡ್ ಬರಬಹುದು. ಮೊದಲು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕಂಪನಿಯ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ, ಏಕೆಂದರೆ ಏರ್‌ಬ್ಯಾಗನ್ನು ನಿಯಂತ್ರಿಸುವ ಮಾಡ್ಯೂಲ್‌ನ ಕೆಪಾಸಿಟರ್‌ಗಳಲ್ಲಿ ಆಮೇಲೂ ಸ್ವಲ್ಪ ಕಾಲ ವಿದ್ಯುತ್ ಉಳಿದಿರುತ್ತದೆ. ಬಳಿಕ ಸೆನ್ಸರ್‌ನ ಕನೆಕ್ಟರ್ ಕಳಚಿ, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ, ಒಂದು ಪಿನ್ ಹಿಂದಕ್ಕೆ ಸರಿದಿದೆಯೇ, ವೈರು ಬಂಪರ್ ಬ್ರಾಕೆಟ್ಟಿಗೆ ಸಿಕ್ಕಿ ಸುಲಿದಿದೆಯೇ ಎಂದು ಬೆಳಕು ಹಿಡಿದು ನೋಡಿ. ರಿಪೇರಿಯ ಬೆನ್ನಿಗೇ ಶುರುವಾದ ದೋಷವನ್ನು ನಾನಾದರೆ ಮೊದಲು ಇಲ್ಲಿಯೇ ಹುಡುಕುತ್ತೇನೆ. ಏನೂ ಕಾಣದಿದ್ದರೆ, ಮಾಡ್ಯೂಲ್ ಕಡೆಯ ಕನೆಕ್ಟರನ್ನೂ ಕಳಚಿದ ನಂತರವೇ, ವೈರನ್ನು ಮೆಲ್ಲಗೆ ಅಲುಗಾಡಿಸುತ್ತ ಮಲ್ಟಿಮೀಟರಿನಿಂದ ಕಂಟಿನ್ಯುಟಿಯನ್ನೂ (ವೈರು ಒಳಗೆ ಎಲ್ಲೂ ತುಂಡಾಗಿಲ್ಲವೇ ಎಂದು), ಅದು ಕಾರಿನ ಲೋಹದ ಮೈಗೆ ತಗುಲಿ ಶಾರ್ಟ್ ಆಗಿದೆಯೇ ಎಂಬುದನ್ನೂ ಪರೀಕ್ಷಿಸಿ. ಏರ್‌ಬ್ಯಾಗಿಗೆ ಮಾತ್ರ ಮೀಟರ್ ತಾಗಿಸಲೇಬೇಡಿ, ಅದು ಸಿಡಿಯಬಹುದು.