ಒಂಟಾರಿಯೊ ಹಾಕಿ ಲೀಗಿನ ಒಂದು ಸೀಸನ್ ಹೇಗೆ ನಡೆಯುತ್ತದೆ? ಅಂಕಪಟ್ಟಿ ಓದುವುದು ಹೇಗೆ?

ಇದು ಕೆನಡಾದ ಮೂರು ಪ್ರಮುಖ ಜೂನಿಯರ್ ಐಸ್ ಹಾಕಿ ಲೀಗ್‌ಗಳಲ್ಲಿ ಒಂದು. 20 ತಂಡಗಳು, ಬಹುಪಾಲು 16ರಿಂದ 20 ವಯಸ್ಸಿನ ಆಟಗಾರರು. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ತಂಡಕ್ಕೆ 68 ಪಂದ್ಯ. ಹಲವರು ಇನ್ನೂ ಶಾಲೆಗೆ ಹೋಗುವವರಾದ್ದರಿಂದ ಪಂದ್ಯಗಳು ವಾರಾಂತ್ಯದಲ್ಲೇ ಹೆಚ್ಚು. ಮೂರು ದಿನದಲ್ಲಿ ಮೂರು ಪಂದ್ಯ ಆಡಬೇಕಾಗುವುದೂ ಉಂಟು. ಮೂರನೆಯ ದಿನ ಕಾಲು ಸೋಲುತ್ತದೆ, ಅದಕ್ಕೇ ತಂಡಗಳು ಎರಡನೇ ಗೋಲ್‌ಕೀಪರನ್ನು ಇಳಿಸುತ್ತವೆ.

ಅಂಕಪಟ್ಟಿಯಲ್ಲಿ ಹೊಸಬರು ಎಡವುವುದು ಇಲ್ಲಿ: ಗೆದ್ದರೆ 2 ಅಂಕ, ಆದರೆ ಹೆಚ್ಚುವರಿ ಸಮಯದಲ್ಲೋ ಶೂಟೌಟ್‌ನಲ್ಲೋ (ಗೋಲ್‌ಕೀಪರ್ ಎದುರು ಒಬ್ಬೊಬ್ಬರೇ ಹೊಡೆಯುವ ಸುತ್ತು) ಸೋತವರಿಗೂ 1 ಅಂಕ. ಹೀಗಾಗಿ ಗೆಲುವು ಕಡಿಮೆ ಇದ್ದರೂ ಒಂದು ತಂಡ ಮೇಲಿರಬಹುದು. ಜೊತೆಗೆ, ಲೀಗಿನಲ್ಲಿ ಎರಡು ಕಾನ್ಫರೆನ್ಸ್ (ದೊಡ್ಡ ಗುಂಪು), ಪ್ರತಿಯೊಂದರಲ್ಲೂ ಎರಡು ವಿಭಾಗ; ವಿಭಾಗದ ಅಗ್ರ ತಂಡಗಳಿಗೆ ತಮ್ಮ ಕಾನ್ಫರೆನ್ಸ್‌ನ ಮೊದಲ ಎರಡು ಸ್ಥಾನ ಮೀಸಲು. ಬಲವಾದ ವಿಭಾಗದಲ್ಲಿ ಎರಡನೆಯದಾದ ತಂಡ ಅಂಕ ಹೆಚ್ಚಿದ್ದರೂ ಮೂರನೆಯದಾಗಿ ನಿಲ್ಲಬಹುದು.

ಡಿಸೆಂಬರ್ ಕೊನೆಯಲ್ಲಿ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ತಮ್ಮ ದೇಶದ ಪರ ಆಡಲು ಉತ್ತಮ ಆಟಗಾರರು ಹೊರಟುಬಿಡುತ್ತಾರೆ; ಆ ವಾರಗಳ ಸೋಲಿನಿಂದ ತಂಡವನ್ನು ಅಳೆಯಬೇಡಿ. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಜನವರಿಯಲ್ಲಿರುವ ಗಡುವಿನ ನಂತರದ ತಂಡವೇ ನಿಜವಾದದ್ದು.

ಪ್ಲೇಆಫ್‌ಗೆ (ಸೀಸನ್ ಕೊನೆಯ ನಾಕೌಟ್ ಹಂತ) 16 ತಂಡ, ನಾಲ್ಕು ಸುತ್ತು, ಪ್ರತಿ ಸುತ್ತಿನಲ್ಲೂ ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ. ಚಾಂಪಿಯನ್ನರು ಮೆಮೋರಿಯಲ್ ಕಪ್‌ಗೆ ಹೋಗುತ್ತಾರೆ: ಮೂರು ಲೀಗ್‌ಗಳ ವಿಜೇತರು, ಜೊತೆಗೆ ಆತಿಥೇಯ ತಂಡ. ಆತಿಥೇಯರಿಗೆ ನೇರ ಪ್ರವೇಶ. 2017ರಲ್ಲಿ ಆತಿಥೇಯ ವಿಂಡ್ಸರ್ ಸ್ಪಿಟ್‌ಫೈರ್ಸ್ ಈ ಲೀಗಿನ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತು, 44 ದಿನ ಪಂದ್ಯವಿಲ್ಲದೆ ಕಾದು, ಕೊನೆಗೆ ಮೆಮೋರಿಯಲ್ ಕಪ್ ಗೆದ್ದಿತು.