ದಿನ ತುಂಬುವ ಮುನ್ನ ಉಸಿರಿನ ಲೆಕ್ಕ

ತಾಯಿ–ಮಗು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮಗಳು 31 ವಾರದ ಗರ್ಭಿಣಿ. ರಾತ್ರಿ ಹೊಟ್ಟೆ ಗಟ್ಟಿಯಾಗಿ ನೋವು ಶುರುವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟು 108ರಲ್ಲಿ ಮಂಡ್ಯಕ್ಕೆ ಕಳಿಸಿದರು. ಅಲ್ಲಿ ಇನ್ನೂ ಮೂರು ಕೊಟ್ಟರು. ನೋವು ನಿಂತು ಮನೆಗೆ ಬಂದಿದ್ದಾಳೆ. ಅದು ಸ್ಟೀರಾಯ್ಡ್ ಅಂತೆ. ಮಗುವಿಗೆ ತೊಂದರೆಯಾದೀತೇ? ಮತ್ತೆ ನೋವು ಬಂದರೆ ಮತ್ತೆ ಕೊಡಿಸಬೇಕೇ?
— ಓದುಗರು, ಮಳವಳ್ಳಿ

ಉತ್ತರ: ಕೊಟ್ಟದ್ದೂ ಸರಿ, ಕೊಟ್ಟ ಕ್ರಮವೂ ಸರಿ. ಮಗುವಿನ ಶ್ವಾಸಕೋಶದ ಗಾಳಿಗೂಡುಗಳ ಒಳಮೈ ಒದ್ದೆ. ಒದ್ದೆ ಪ್ಲಾಸ್ಟಿಕ್ ಕವರಿನ ಎರಡು ಬದಿ ಅಂಟಿಕೊಳ್ಳುವ ಹಾಗೆ, ಉಸಿರು ಬಿಟ್ಟಾಗಲೆಲ್ಲ ಅವು ಮುಚ್ಚಿಕೊಳ್ಳಲು ನೋಡುತ್ತವೆ. ಹಾಗಾಗದಂತೆ ತಡೆಯುವುದು ಸರ್ಫ್ಯಾಕ್ಟೆಂಟ್ ಎಂಬ ಸೋಪಿನಂಥ ಜಿಡ್ಡು. ಸುಮಾರು 24ನೇ ವಾರದಿಂದ ಅದು ತಯಾರಾಗತೊಡಗುತ್ತದೆ. ಸಾಕಾಗುವಷ್ಟು ಕೂಡುವುದು 34–35 ವಾರದ ಆಸುಪಾಸಿನಲ್ಲಿ. ಈ ಇಂಜೆಕ್ಷನ್, ಅಂದರೆ ಡೆಕ್ಸಾಮೆಥಸೋನ್, ಆ ಕೆಲಸವನ್ನು ಬೇಗ ಮಾಡಿಸುತ್ತದೆ. ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲೇ ಇಂಥ ಸ್ಟೀರಾಯ್ಡಿನ ಗುಣವನ್ನು ತೋರಿಸಿಕೊಟ್ಟಿದ್ದರು.

ಪ್ರಮಾಣ: 6 ಮಿಗ್ರಾಂ, 12 ಗಂಟೆಗೊಮ್ಮೆ, ನಾಲ್ಕು ಸಲ, ಸ್ನಾಯುವಿಗೆ. ಸಾಮಾನ್ಯವಾಗಿ ಸಿಗುವ 2 ಎಂಎಲ್ ಸೀಸೆಯಲ್ಲಿ 8 ಮಿಗ್ರಾಂ ಇರುತ್ತದೆ; ಬೇಕಾದದ್ದು ಒಂದೂವರೆ ಎಂಎಲ್ ಮಾತ್ರ. ಅವಸರದಲ್ಲಿ ಇಡೀ ಸೀಸೆ ಎಳೆದುಬಿಡುವುದು, ರಕ್ತನಾಳಕ್ಕೆ ಕೊಡುವುದು, ಎರಡನೆಯದರ ಹೊತ್ತು ಮೀರಿಸುವುದು, ತಪ್ಪಾಗುವುದು ಇಲ್ಲೇ. ನೋವಿನ ಹೊತ್ತಲ್ಲಿ ಬೇರೆ ಆಸ್ಪತ್ರೆಗೆ ಕಳಿಸುವಾಗ ಮೊದಲ ಡೋಸನ್ನು ಹಳ್ಳಿಯ ಆರೋಗ್ಯ ಸಹಾಯಕಿ ಎಎನ್‌ಎಂ ಕೂಡ ಕೊಡಬಹುದೆಂದು ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ ಹೇಳುತ್ತದೆ. ಕೆಲವೇ ಗಂಟೆಗಳಲ್ಲಿ ಹೆರಿಗೆಯಾದರೂ ಆ ಒಂದು ಡೋಸಿನಿಂದ ಮಗುವಿಗೆ ಅಷ್ಟಿಷ್ಟು ಆಸರೆ ಸಿಗುತ್ತದೆ. ಪೂರ್ತಿ ಫಲ ಸಿಗುವುದು ಮೊದಲ ಡೋಸಾಗಿ 24 ಗಂಟೆಯಿಂದ ಏಳು ದಿನದೊಳಗೆ ಹೆರಿಗೆಯಾದರೆ. ನೋವನ್ನು 48 ಗಂಟೆ ತಡೆಯಲು ನಿಫೆಡಿಪಿನ್ ಮಾತ್ರೆ ಕೊಡುವುದೂ ಈ ಸಮಯವನ್ನು ಗಿಟ್ಟಿಸಿಕೊಳ್ಳಲೆಂದೇ.

ಮತ್ತೆ ನೋವು ಬಂದರೆ ತಾನಾಗಿಯೇ ಮತ್ತೆ ಕೊಡುವ ಮದ್ದು ಇದಲ್ಲ. ವಾರಕ್ಕೊಮ್ಮೆ ಟಾನಿಕ್ಕಿನಂತೆ ಕೊಟ್ಟರೆ ಮಗುವಿನ ತೂಕ ಕುಗ್ಗುತ್ತದೆ. ನಾಲ್ಕು ಡೋಸಿನ ಮೊದಲ ಸರದಿಯಾಗಿ ವಾರಕ್ಕೂ ಹೆಚ್ಚು ಕಳೆದು, ಇನ್ನೂ 34 ವಾರ ತುಂಬದೆ, ಹೆರಿಗೆ ಹತ್ತಿರವೇ ಇದೆ ಎನಿಸಿದರೆ ವೈದ್ಯರು ಇನ್ನೊಂದೇ ಸರದಿ ಯೋಚಿಸುತ್ತಾರೆ. ಅದಕ್ಕೇ ನಾಲ್ಕೂ ಡೋಸಿನ ದಿನಾಂಕ, ಗಂಟೆ ತಾಯಿ ಕಾರ್ಡಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಮುಂದಿನ ಆಸ್ಪತ್ರೆಯವರು ಮೊದಲಿನಿಂದ ಶುರುಮಾಡುತ್ತಾರೆ.

‘ತೊಂದರೆಯಾದೀತೇ’ ಎಂಬುದಕ್ಕೆ ನಮ್ಮ ಬೆಳಗಾವಿಯೂ ಪಾಲುಗೊಂಡ ಎರಡು ದೊಡ್ಡ ಅಧ್ಯಯನಗಳಲ್ಲಿ ಉತ್ತರವಿದೆ. 2015ರಲ್ಲಿ ಪ್ರಕಟವಾದದ್ದರಲ್ಲಿ, ಹಳ್ಳಿಗಾಡಿನಲ್ಲಿ ಈ ಮದ್ದನ್ನು ವ್ಯಾಪಕವಾಗಿ ಬಳಕೆಗೆ ತಂದಾಗ ಒಟ್ಟಾರೆ ಮಕ್ಕಳ ಸಾವು ಇಳಿಯಲಿಲ್ಲ, ಬದಲಿಗೆ ಏರಿತು; ಮದ್ದು ಪಡೆದ ಅನೇಕರು ದಿನ ತುಂಬಿಯೇ ಹೆತ್ತಿದ್ದರು. 2020ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಸ್ಕ್ಯಾನಿನಿಂದ ವಾರ ಖಚಿತಪಡಿಸಿ, ಎಳೆ ಮಗುವಿನ ಆರೈಕೆ ಇರುವ ಆಸ್ಪತ್ರೆಯಲ್ಲೇ ಕೊಟ್ಟರು. ಸಾವು ಸ್ಪಷ್ಟವಾಗಿ ಇಳಿಯಿತು. ವಾರದ ಲೆಕ್ಕ ತಪ್ಪಿದರೆ ಗುಣ ಕೊಡುವ ಮದ್ದೇ ಹೊರೆಯಾಗುತ್ತದೆ. ತಾಯಿಗೆ ಜ್ವರ, ನಾರುವ ನೀರು ಇದ್ದರೆ ಸೋಂಕನ್ನು ಮೊದಲು ನೋಡಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಇಂಜೆಕ್ಷನ್ನಾದ ಮೇಲೆ ಕೆಲವು ದಿನ ಸಕ್ಕರೆ ಜಿಗಿಯುತ್ತದೆ; ಪದೇ ಪದೇ ಪರೀಕ್ಷಿಸಿ ಇನ್ಸುಲಿನ್ ಹೊಂದಿಸಬೇಕು.

ಪ್ರಶ್ನೆ: ಮೊದಲ ಮಗು ಸಿಸೇರಿಯನ್. ಈ ಸಲ ಜ್ಯೋತಿಷಿಗಳು ಒಳ್ಳೆಯ ನಕ್ಷತ್ರ ನೋಡಿ ದಿನ ಕೊಟ್ಟಿದ್ದಾರೆ; ಅಂದಿಗೆ 37 ವಾರ. ಶ್ವಾಸಕೋಶ ಬಲಿತಿದೆಯೇ ಎಂದು ಸ್ಕ್ಯಾನಿನಲ್ಲಿ ನೋಡಿ, ಇಲ್ಲವಾದರೆ ಇಂಜೆಕ್ಷನ್ ಕೊಟ್ಟು ಮಾಡಿಸಬಹುದೇ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸ್ಕ್ಯಾನಿನಲ್ಲಿ ಶ್ವಾಸಕೋಶ ಕಾಣುತ್ತದೆ, ಅದರ ಬಲಿತನ ಕಾಣುವುದಿಲ್ಲ. ಮಾಸು ಬಲಿತಿದೆ ಎಂದು ವರದಿಯಲ್ಲಿ ಬರೆದಿದ್ದರೆ ಅದು ಶ್ವಾಸಕೋಶಕ್ಕೆ ಸಾಕ್ಷಿಯಲ್ಲ. ಹಿಂದೆ ಹೊಟ್ಟೆಗೆ ಸೂಜಿ ಚುಚ್ಚಿ ಗರ್ಭದ ನೀರು ತೆಗೆದು ನೋಡುತ್ತಿದ್ದರು. ಲೆಸಿಥಿನ್ ಮತ್ತು ಸ್ಫಿಂಗೊಮೈಲಿನ್ ಎಂಬ ಎರಡು ಜಿಡ್ಡುಗಳ ಪ್ರಮಾಣ 2ಕ್ಕೆ 1 ದಾಟಿದರೆ ಬಲಿತಿದೆ ಎಂದು ಲೆಕ್ಕ. ಇನ್ನೂ ಸರಳವಾದದ್ದು ಕುಲುಕು ಪರೀಕ್ಷೆ: ಆ ನೀರಿಗೆ ಆಲ್ಕೋಹಾಲ್ ಬೆರೆಸಿ ಜೋರಾಗಿ ಕುಲುಕಿ, 15 ನಿಮಿಷದ ಮೇಲೂ ನೊರೆಯ ಉಂಗುರ ಉಳಿದರೆ ಒಳ್ಳೆಯ ಸೂಚನೆ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಈ ಲೆಕ್ಕಗಳೂ ನಂಬಿಸಿ ಕೈಕೊಡುತ್ತಿದ್ದವು, ಏಕೆಂದರೆ ಅಂಥ ಮಕ್ಕಳ ಶ್ವಾಸಕೋಶ ತಡವಾಗಿ ಬಲಿಯುತ್ತದೆ. ಈಗ ಈ ಪರೀಕ್ಷೆಗಳು ಹೆಚ್ಚುಕಡಿಮೆ ಮೂಲೆ ಸೇರಿವೆ. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿನ ವಾರವೇ ಹೆಚ್ಚು ನಂಬಿಕೆಗೆ ಅರ್ಹ.

ನೋವು ಬಾರದೆ ಸಿಸೇರಿಯನ್ ಮಾಡಿದಾಗ ಇನ್ನೊಂದು ತೊಡಕು. ಗರ್ಭದಲ್ಲಿ ಶ್ವಾಸಕೋಶದ ತುಂಬ ದ್ರವ ಇರುತ್ತದೆ. ಹೆರಿಗೆ ನೋವಿನ ಹೊತ್ತಲ್ಲಿ ಏರುವ ಹಾರ್ಮೋನುಗಳು ಅದನ್ನು ಹೀರಿಸುತ್ತವೆ. ನೋವೇ ಬಾರದಿದ್ದರೆ ದ್ರವ ಉಳಿದು, ಮಗು ಒಂದೆರಡು ದಿನ ಏದುಸಿರು ಬಿಡುತ್ತಾ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಮಲಗಬೇಕಾಗಬಹುದು. 39 ವಾರ ಕಳೆದರೆ ಈ ಅಪಾಯ ಬಹಳ ಕಡಿಮೆ. ಇಂಜೆಕ್ಷನ್ ಹಾಕಿಸಿಕೊಂಡು ಮುಹೂರ್ತ ಹಿಡಿಯುವುದು ಬೇಡ: ಮಗುವಿನ ರಕ್ತದಲ್ಲಿ ಸಕ್ಕರೆ ಕುಸಿಯುವ ಸಂಭವವಿದೆ, ಕಾದರೆ ತಾನೇ ಬರುವ ಬಲಿತನಕ್ಕೆ ಮದ್ದೇಕೆ? ನಂಬಿಕೆ ನಿಮ್ಮದು, ಅದರಲ್ಲಿ ನಮ್ಮ ತಕರಾರಿಲ್ಲ. ಬೇರೆ ತೊಡಕಿಲ್ಲದಿದ್ದರೆ 39 ವಾರ ತುಂಬಿದ ಮೇಲಿನ ಏಳು ದಿನಗಳನ್ನು ವೈದ್ಯರಿಂದ ಬರೆಸಿಕೊಂಡು ಹೋಗಿ, ಅದರೊಳಗೆ ಒಂದು ದಿನ ಆರಿಸಿಕೊಡಿ ಎಂದು ಜ್ಯೋತಿಷಿಗಳನ್ನು ಕೇಳಿ. ನಡುವೆ ನೋವು ಶುರುವಾದರೆ ಮಾತ್ರ ನಕ್ಷತ್ರಕ್ಕೆ ಕಾಯುವಂತಿಲ್ಲ. ಹಳೆಯ ಹೊಲಿಗೆ ಬಿಡುವ ಭಯವಿದೆ.

ಪ್ರಶ್ನೆ: ಏಳು ತಿಂಗಳ ಮಗು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ ಎನ್ನುತ್ತಾರೆ. ನಿಜವೇ?
— ಓದುಗರು, ನಾಗಮಂಗಲ

ಉತ್ತರ: ಸುಳ್ಳು. ಒಂದೊಂದು ವಾರ ಹೆಚ್ಚಿದಷ್ಟೂ ಮಗುವಿಗೆ ಬಲ. ‘ಎಂಟರಲ್ಲಿ ಬಿದ್ದಿದೆ’ ಎಂದಷ್ಟೇ ಹೇಳಿದರೆ 32 ವಾರವೋ 35 ವಾರವೋ ತಿಳಿಯದು, ಅವೆರಡಕ್ಕೂ ಬೇಕಾದ ಆರೈಕೆ ಬೇರೆ. ವಾರದಲ್ಲಿ ಹೇಳಿ.

ಪ್ರಶ್ನೆ: ನನಗೆ 34 ವಾರ. ಮಗುವಿನ ಒದೆತ ಎಷ್ಟಿರಬೇಕು? ಎನ್‌ಎಸ್‌ಟಿ ‘ನಾನ್‌ರಿಯಾಕ್ಟಿವ್’ ಬಂತು, ತುಂಬಾ ಹೆದರಿದ್ದೇನೆ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ, ಫೋನ್ ಬದಿಗಿಟ್ಟು ಎಣಿಸಿ. ಒದೆತ, ಹೊರಳಾಟ, ಜಾಡಿಸುವುದು ಎಲ್ಲವೂ ಲೆಕ್ಕಕ್ಕೆ, ಬಿಕ್ಕಳಿಕೆ ಬೇಡ. ಎರಡು ಗಂಟೆಯೊಳಗೆ ಹತ್ತಾಗಬೇಕು. ಆಗದಿದ್ದರೆ, ಅಥವಾ ಎಂದಿನ ಚಟುವಟಿಕೆ ಎದ್ದು ಕಾಣುವಷ್ಟು ತಗ್ಗಿದರೆ, ‘ಬೆಳಗ್ಗೆ ನೋಡೋಣ’ ಎನ್ನದೆ ಹೊರಡಿ.

ಎನ್‌ಎಸ್‌ಟಿಯಲ್ಲಿ ಮಗುವಿನ ಎದೆಬಡಿತವನ್ನು ಯಂತ್ರ ಪಟ್ಟಿಯ ಮೇಲೆ ಬರೆಯುತ್ತದೆ; 20 ನಿಮಿಷದೊಳಗೆ ಆ ಬಡಿತ ಎರಡು ಸಲ, ಕನಿಷ್ಠ 15 ಬಡಿತದಷ್ಟು ಏರಿ 15 ಸೆಕೆಂಡ್ ನಿಲ್ಲಬೇಕು. ನಾನ್‌ರಿಯಾಕ್ಟಿವ್ ಎಂದರೆ ಹಾಗೆ ಏರಲಿಲ್ಲ ಎಂದು; ಅದಕ್ಕೆ ಸಾಮಾನ್ಯ ಕಾರಣ ಮಗುವಿನ ನಿದ್ದೆ. ಅದಕ್ಕೇ 40 ನಿಮಿಷದವರೆಗೆ ಮುಂದುವರಿಸುತ್ತಾರೆ. ಅಂಗಾತ ಮಲಗಿದ್ದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ಪಟ್ಟಿ ಕೆಡಬಹುದು. ಬೆನ್ನಿಗೆ ದಿಂಬು ಕೊಟ್ಟು ಓರೆಯಾಗಿ ಮಲಗಬೇಕು. ಹೊಟ್ಟೆಯ ಮೇಲೆ ಕಟ್ಟಿದ ಪ್ರೋಬ್ ಜಾರಿ ತಾಯಿಯ ಬಡಿತವನ್ನೇ ಬರೆಯುವುದೂ ಉಂಟು. ಮಣಿಕಟ್ಟಿನ ನಾಡಿ ಹಿಡಿದು ಹೋಲಿಸಿದರೆ ಗೊತ್ತಾಗುತ್ತದೆ. ಸ್ಟೀರಾಯ್ಡ್ ಕೊಟ್ಟ ಎರಡು ಮೂರು ದಿನ ಒದೆತವೂ ಬಡಿತದ ಏರಿಳಿತವೂ ಮಂದವಾಗಬಹುದು. ಹಾಗಂತ ಮನೆಯಲ್ಲಿ ಕೂತು ‘ಇಂಜೆಕ್ಷನ್ನಿನದೇ ಇರಬೇಕು’ ಎಂದುಕೊಳ್ಳಬೇಡಿ, ಅದನ್ನು ವೈದ್ಯರು ನೋಡಿ ಹೇಳಲಿ.

ಆಮೇಲೂ ಪಟ್ಟಿ ಹಾಗೇ ಇದ್ದರೆ ಸ್ಕ್ಯಾನಿನಲ್ಲಿ ಅರ್ಧ ಗಂಟೆ ಮಗುವನ್ನು ನೋಡಿ ಅಂಕ ಕೊಡುತ್ತಾರೆ: ಉಸಿರಾಟದ ಚಲನೆ, ಮೈ ಅಲುಗಾಟ, ಕೈಕಾಲು ಬಿಚ್ಚಿ ಮಡಚುವುದು, ನೀರಿನ ಆಳ, ಜೊತೆಗೆ ಎನ್‌ಎಸ್‌ಟಿ, ಒಂದೊಂದಕ್ಕೆ ಎರಡು. ನೀರು ಸಾಕಷ್ಟಿದ್ದು ಹತ್ತರಲ್ಲಿ ಎಂಟು ಬಂದರೆ ಎನ್‌ಎಸ್‌ಟಿ ಒಂದು ಕೆಟ್ಟಿದ್ದಕ್ಕೆ ನಿದ್ದೆಗೆಡಬೇಕಿಲ್ಲ. ಆರು ಬಂದರೆ ಬೇಗನೆ ಮತ್ತೊಮ್ಮೆ ನೋಡುತ್ತಾರೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಹೆರಿಗೆ ಮಾಡಿಸುವ ಮಾತೇ ಬರುತ್ತದೆ. ಮಗು ಸಣ್ಣದಿದ್ದರೆ, ಬಿಪಿ ಇದ್ದರೆ, ಹೊಕ್ಕುಳಬಳ್ಳಿಯ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಕೂಡ ಮಾಡಿಸಿದ್ದಾರೆಯೇ ಎಂದು ಕೇಳಿ.