ಮೊದಲ ಸಲಕ್ಕೆ ಸ್ವೀಡಿಷ್ ಮಸಾಜೇ ಸಾಕು

ಕುತ್ತಿಗೆ, ಭುಜ ಬಿಗಿದಿದೆ, ಒಂದೇ ಗಂಟೆ ಬಿಡುವು, ಸ್ವೀಡಿಷ್ ಮಸಾಜೋ ಡೀಪ್ ಟಿಶ್ಯೂನೋ ಎಂದು ಕೇಳಿದ್ದೀರಿ. ಮೊದಲ ಸಲವಾದ್ದರಿಂದ ಸ್ವೀಡಿಷ್ ತಗೊಳ್ಳಿ, ಅದರಲ್ಲಿ ಹಗುರವಾಗಿ ನೀವುತ್ತಾರೆ. ಡೀಪ್ ಟಿಶ್ಯೂನಲ್ಲಿ ಸ್ನಾಯುವಿನ ಒಳಪದರದವರೆಗೂ ಒತ್ತುತ್ತಾರೆ, ಒತ್ತಡ ಜಾಸ್ತಿ. ನೋವಿಗೆ ಮೈ ಸೆಟೆದುಕೊಂಡರೆ ಸ್ನಾಯು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯುತ್ತದೆ, ಮರುದಿನವೂ ನೋಯಬಹುದು. 60 ನಿಮಿಷಕ್ಕೆ ಇಡೀ ಮೈ ಬೇಡ, ಬೆನ್ನು, ಭುಜ, ಕುತ್ತಿಗೆಗಷ್ಟೇ ಸಮಯ ಕೊಡಿ ಎಂದು ಮೊದಲೇ ಹೇಳಿ. ಬುಕ್ ಮಾಡುವಾಗ ಇದೊಂದನ್ನು ಖಂಡಿತ ಕೇಳಿ: ಬಟ್ಟೆ ಬದಲಿಸುವುದು, ಸ್ನಾನ ಎಲ್ಲ ಆ 60 ನಿಮಿಷದೊಳಗೇ ಸೇರಿದೆಯಾ? ಸೇರಿದ್ದರೆ ಮಸಾಜಿಗೆ ಉಳಿಯುವುದು 45–50 ನಿಮಿಷ. ರಸ್ತೆ ಕಡೆಯ ಕೋಣೆ ಬೇಡ ಅನ್ನಿ, ಅಲ್ಲಿ ಸದ್ದು ಜಾಸ್ತಿ. ಹದಿನೈದು ನಿಮಿಷ ಮುಂಚೆ ತಲುಪಿ, ಊಟ ಮಾಡಿದ ತಕ್ಷಣ ಮಾತ್ರ ಹೋಗಬೇಡಿ. ಗರ್ಭಿಣಿಯಾಗಿದ್ದರೆ ಅಥವಾ ರಕ್ತ ಹೆಪ್ಪುಗಟ್ಟುವ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳಿ.